ಡಿಎಸ್‌ಪಿ ಸ್ಪೀಕರ್ ಕಟ್ಟುವ ಕ್ರಮ: ಮೊದಲು ಪೆಟ್ಟಿಗೆ, ನಂತರ ಅಂಗಳದ ಅಳತೆ, ಕೊನೆಗೆ ಕೋಣೆ

ಪೆಟ್ಟಿಗೆ ಸಿದ್ಧವಾಗಿದೆ, ದನಿಯ ಸಂಕೇತವನ್ನು ಅಂಕಿಗಳ ಲೆಕ್ಕದಲ್ಲಿ ತಿದ್ದುವ ಡಿಎಸ್‌ಪಿ (ಡಿಜಿಟಲ್ ಸಿಗ್ನಲ್ ಪ್ರೊಸೆಸರ್) ಬೋರ್ಡು ಕೂಡಿಸಿಯಾಗಿದೆ, ಯಾವ ಕಂಪನಾಂಕಕ್ಕೆ ಎಷ್ಟು ಸದ್ದು ಎಂದು ತೋರಿಸುವ ಕಂಪ್ಯೂಟರ್ ಪರದೆಯ ಗೆರೆಯೂ ನೇರವಾಗಿದೆ. ಆದರೂ ಹಾಡು ಹಚ್ಚಿದರೆ ದನಿ ಮೂಗಿನಿಂದ ಬರುತ್ತದೆ, ಇಲ್ಲವೇ ಕಿವಿಗೆ ಚುಚ್ಚುತ್ತದೆ, ಇಲ್ಲವೇ ಮೇಲಿನ ಸ್ವರ ನುಡಿಸುವ ಚಿಕ್ಕ ಘಟಕ, ಅಂದರೆ ಟ್ವೀಟರ್, ಸುಟ್ಟುಹೋಗುತ್ತದೆ. ಮಂಗಳೂರು, ಉಡುಪಿ, ಮಣಿಪಾಲದ ಕಡೆಯ ಓದುಗರು ಕಳುಹಿಸುವ ಅಳತೆಯ ಚಿತ್ರಗಳಲ್ಲಿ ಬಹುತೇಕರ ಸೋಲು ಒಂದೇ ಜಾಗದಲ್ಲಿ ಕಾಣುತ್ತದೆ. ಕುಳಿತು ಕೇಳುವ ಕುರ್ಚಿಯ ಬಳಿ ಮೈಕ್ ಇಟ್ಟು, ಕೋಣೆಯನ್ನೂ ಸ್ಪೀಕರನ್ನೂ ಒಟ್ಟಿಗೆ ಅಳೆದು, ಎಲ್ಲವನ್ನೂ ಒಂದೇ ಏಟಿಗೆ ತಿದ್ದಲು ಹೊರಟಿರುತ್ತಾರೆ.

ಸ್ಪೀಕರಿನ ದೋಷ ಬೇರೆ, ಕೋಣೆಯ ದೋಷ ಬೇರೆ. ಮೊದಲನೆಯದನ್ನು ಕೋಣೆಯ ಪ್ರಭಾವವಿಲ್ಲದೆ ಅಳೆದು ತಿದ್ದಬೇಕು. ಎರಡನೆಯದನ್ನು ಬಹುಪಾಲು ಜಾಗ ಬದಲಿಸಿ, ಉಳಿದ ಸ್ವಲ್ಪವನ್ನು ಫಿಲ್ಟರಿನಿಂದ, ಅಂದರೆ ಆಯ್ದ ಕಂಪನಾಂಕಗಳನ್ನು ಏರಿಸುವ ಇಲ್ಲವೇ ತಗ್ಗಿಸುವ ಡಿಎಸ್‌ಪಿ ಲೆಕ್ಕದಿಂದ, ತಿದ್ದಬೇಕು. ಈ ಕ್ರಮ ತಲೆಕೆಳಗಾದರೆ ಎಷ್ಟು ದುಬಾರಿ ಡಿಎಸ್‌ಪಿ ತಂದರೂ ಫಲವಿಲ್ಲ. ಕೆಳಗಿನ ಹಂತಗಳನ್ನು ದಯವಿಟ್ಟು ಇದ್ದ ಅನುಕ್ರಮದಲ್ಲೇ ಮಾಡಿ.

ಇಲ್ಲಿ ಕಟ್ಟುವುದು ಕೆಳಗಿನ ಸ್ವರಗಳಿಗೆ ಆರೂವರೆ ಇಂಚಿನ ವೂಫರ್ ಮತ್ತು ಮೇಲಿನವಕ್ಕೆ ಒಂದು ಇಂಚಿನ ಡೋಮ್ ಟ್ವೀಟರ್ ಇರುವ, ಗಾಳಿ ಹೊರಹೋಗದ ಮುಚ್ಚು ಪೆಟ್ಟಿಗೆಯ ಸ್ಪೀಕರ್ ಜೋಡಿ. ಮೊದಲ ಬಾರಿ ಕಟ್ಟುವವರಿಗೆ ರಂಧ್ರವಿರುವ ಪೆಟ್ಟಿಗೆ ಬೇಡ. ಅದರ ಲೆಕ್ಕ ತಪ್ಪುವುದು ಸುಲಭ, ತಪ್ಪಿದರೆ ಡಿಎಸ್‌ಪಿಯಿಂದ ಸರಿಪಡಿಸುವುದು ಕಷ್ಟ.

ಬೇಕಾಗುವ ಸಾಮಾನು

ಅಳತೆಗೆ ತಿದ್ದುಪಡಿ ಕಡತದ (ಮೈಕಿನದೇ ದೋಷ ಕಳೆಯುವ ಕ್ಯಾಲಿಬ್ರೇಶನ್ ಫೈಲ್) ಜೊತೆಗೆ ಬರುವ ಮೈಕ್ ಬೇಕೇ ಬೇಕು. ಯುಎಸ್‌ಬಿಗೆ ಜೋಡಿಸುವ ಯುಮಿಕ್-1 ಮೈಕ್ ಸಾಕು. ಮೊಬೈಲ್ ಫೋನಿನ ಮೈಕ್ ನಂಬಿ ಕ್ರಾಸ್‌ಓವರ್ (ದನಿಯನ್ನು ವೂಫರಿಗೂ ಟ್ವೀಟರಿಗೂ ಹಂಚುವ ಫಿಲ್ಟರ್ ಜೋಡಿ) ಮಾಡಲು ಆಗುವುದಿಲ್ಲ. ತಂತ್ರಾಂಶಗಳಲ್ಲಿ ಅಳೆಯಲು ರೂಮ್ ಇಕ್ಯೂ ವಿಜಾರ್ಡ್, ವಿನ್ಯಾಸದ ಲೆಕ್ಕಕ್ಕೆ ವಿಟುಯಿಕ್ಸ್‌ಕ್ಯಾಡ್ ಉಚಿತವಾಗಿ ಸಿಗುತ್ತವೆ.

ಡಿಎಸ್‌ಪಿಗೆ ಎಡಿಎಯು 1701 ಚಿಪ್ ಇರುವ ಬೋರ್ಡು ಈ ಕೆಲಸಕ್ಕೆ ಅಳತೆ ಮಾಡಿದಂತಿದೆ: ಎರಡು ಒಳಹಾದಿ, ನಾಲ್ಕು ಹೊರಹಾದಿ. ಎಡ ವೂಫರ್, ಎಡ ಟ್ವೀಟರ್, ಬಲ ವೂಫರ್, ಬಲ ಟ್ವೀಟರ್ ಎಂದು ನಾಲ್ಕೂ ಬಳಕೆಯಾಗುತ್ತವೆ. ಅದನ್ನು ಸಿಗ್ಮಾ ಸ್ಟುಡಿಯೊ ಎಂಬ ತಂತ್ರಾಂಶದಿಂದ ಪ್ರೋಗ್ರಾಂ ಮಾಡಬೇಕು, ಅದಕ್ಕೆ ಯುಎಸ್‌ಬಿ ಪ್ರೋಗ್ರಾಮರ್ ಪ್ರತ್ಯೇಕವಾಗಿ ಬೇಕು. ಬೋರ್ಡು ತರಿಸುವಾಗಲೇ ಅದನ್ನೂ ತರಿಸಿ. ಇದನ್ನು ಮರೆತು ಕೆಲಸ ನಿಲ್ಲಿಸಿದವರು ಬಹಳ.

ಆಂಪ್ಲಿಫೈಯರಿಗೆ ಟಿಪಿಎ 3116 ಚಿಪ್ಪಿನ ಎರಡು ಸ್ಟೀರಿಯೊ ಬೋರ್ಡು, 24 ವೋಲ್ಟಿನ ಒಂದು ಒಳ್ಳೆಯ ಎಸ್‌ಎಂಪಿಎಸ್ (ವಿದ್ಯುತ್ ಸರಬರಾಜು ಘಟಕ). ಆ ಚಿಪ್ಪಿನ ಮಿತಿ 26 ವೋಲ್ಟ್. ಲ್ಯಾಪ್‌ಟಾಪ್ ಚಾರ್ಜರಿಗಿಂತ ಹೆಚ್ಚು ವೋಲ್ಟೇಜ್ ಕೊಟ್ಟರೆ ಹೆಚ್ಚು ಸದ್ದು ಬರುತ್ತದೆಂದು 30 ವೋಲ್ಟಿನ ಹಳೆಯ ಟ್ರಾನ್ಸ್‌ಫಾರ್ಮರ್ ಕೂಡಿಸಬೇಡಿ.

ಇವುಗಳ ಜೊತೆಗೆ ಮಲ್ಟಿಮೀಟರ್, ಬೆಸುಗೆ ಕಡ್ಡಿ, ಒಂದೂವರೆ ವೋಲ್ಟಿನ ಸೆಲ್, ಸೀಮೆಸುಣ್ಣ, ಅಳತೆ ಟೇಪು. ಪ್ರತಿ ಟ್ವೀಟರಿಗೆ 33 ಮೈಕ್ರೊಫ್ಯಾರಡ್, 63 ವೋಲ್ಟ್ ಅಥವಾ ಅದಕ್ಕಿಂತ ಮೇಲಿನ, ಧ್ರುವವಿಲ್ಲದ ಒಂದು ಕೆಪಾಸಿಟರ್.

ಹಂತ 1: ಪೆಟ್ಟಿಗೆಯ ಗಾತ್ರವನ್ನು ಲೆಕ್ಕ ಹಾಕಿ

ವೂಫರಿನ ಮಾಹಿತಿ ಪತ್ರದಲ್ಲಿ ಮೂರು ಸಂಖ್ಯೆಗಳನ್ನು ಹುಡುಕಿ: ಎಫ್‌ಎಸ್ (ಬಿಡಿ ವೂಫರಿನ ಅನುರಣನದ ಕಂಪನಾಂಕ), ಕ್ಯೂಟಿಎಸ್ (ಆ ಅನುರಣನ ಎಷ್ಟು ಹಿಡಿತದಲ್ಲಿದೆ ಎಂಬ ಅಳತೆ, ಅಂದರೆ ಒಟ್ಟು ಕ್ಯೂ), ವಿಎಎಸ್ (ವೂಫರಿನಷ್ಟೇ ಸ್ಪ್ರಿಂಗ್ ಗುಣವಿರುವ ಗಾಳಿಯ ಗಾತ್ರ). ಈ ಮೂರು ಇಲ್ಲದ ವೂಫರನ್ನು, ಅಂಗಡಿಯವರು ಎಷ್ಟು ವ್ಯಾಟ್ ಹೇಳಿದರೂ, ಕೊಳ್ಳಬೇಡಿ.

ಉದಾಹರಣೆಗೆ ಎಫ್‌ಎಸ್ 45 ಹರ್ಟ್ಜ್, ಕ್ಯೂಟಿಎಸ್ 0.38, ವಿಎಎಸ್ 25 ಲೀಟರ್ ಎಂದುಕೊಳ್ಳಿ. ಪೆಟ್ಟಿಗೆಯೊಳಗೆ ಕೂತ ಮೇಲೆ ಒಟ್ಟು ಕ್ಯೂ 0.707 ಆಗಬೇಕು ಎಂಬುದು ಗುರಿ. 0.707ನ್ನು 0.38ರಿಂದ ಭಾಗಿಸಿ ವರ್ಗ ಮಾಡಿದರೆ 3.46. ಅದರಲ್ಲಿ ಒಂದು ಕಳೆದರೆ 2.46. ವಿಎಎಸ್ 25ನ್ನು 2.46ರಿಂದ ಭಾಗಿಸಿದರೆ ಸುಮಾರು 10.2 ಲೀಟರ್. ವೂಫರಿನ ಹಿಂಭಾಗ ಮತ್ತು ಒಳಗಿನ ಅಡ್ಡಪಟ್ಟಿ ತಿನ್ನುವ ಜಾಗ ಸೇರಿಸಿ 11.7 ಲೀಟರ್ ಇಟ್ಟುಕೊಳ್ಳಿ. ಈ ಪೆಟ್ಟಿಗೆಯಲ್ಲಿ ವೂಫರಿನ ಅನುರಣನ 84 ಹರ್ಟ್ಜಿಗೆ ಏರುತ್ತದೆ. ಈ ಸಂಖ್ಯೆಯನ್ನು ಬರೆದಿಡಿ, ಮುಂದೆ ಬಾಸ್ ತಿದ್ದುವಾಗ ಬೇಕು.

ಒಳಗಿನ ಅಳತೆ 18, 31, 21 ಸೆಂಟಿಮೀಟರ್ ಇಟ್ಟರೆ 11.7 ಲೀಟರ್ ಸಿಗುತ್ತದೆ. ಎರಡು ಅಳತೆಗಳು ಒಂದೇ ಆಗದಂತೆ, ಒಂದು ಇನ್ನೊಂದರ ಸರಿಯಾಗಿ ಎರಡು ಪಟ್ಟು ಆಗದಂತೆ ನೋಡಿಕೊಳ್ಳಿ. ಇಲ್ಲವಾದರೆ ಒಳಗಿನ ನಿಂತ ತರಂಗಗಳು ಒಂದೇ ಕಂಪನಾಂಕದಲ್ಲಿ ಗುಂಪಾಗುತ್ತವೆ.

ಹಂತ 2: ಕರಾವಳಿಗೆ ತಕ್ಕ ಮರ, ಅಂಟು, ಕೋನ್

ಎಂಡಿಎಫ್ ಹಲಗೆ ಸಮತಟ್ಟಾಗಿರುತ್ತದೆ, ಕೊರೆಯಲು ಸುಲಭ. ಆದರೂ ನಮ್ಮ ಊರಿಗೆ ನಾನು ಅದನ್ನು ಹೇಳುವುದಿಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗೋಡೆಯೇ ಬೆವರುವ ತೇವದಲ್ಲಿ ಅದರ ಕತ್ತರಿಸಿದ ಅಂಚು ಉಬ್ಬುತ್ತದೆ, ಸಂದು ಬಿಡುತ್ತದೆ, ಮುಚ್ಚು ಪೆಟ್ಟಿಗೆ ಸೋರುವ ಪೆಟ್ಟಿಗೆಯಾಗುತ್ತದೆ. ಐಎಸ್ 710 ಗುರುತಿರುವ 18 ಮಿಲಿಮೀಟರ್ ಮರೈನ್ ಪ್ಲೈವುಡ್ ತನ್ನಿ. ಎಂಟು ಅಡಿ ನಾಲ್ಕಡಿಯ ಹಲಗೆಯಲ್ಲಿ ಅರ್ಧ ಇದ್ದರೆ ಎರಡೂ ಪೆಟ್ಟಿಗೆಗೆ ಸಾಕು.

ಒಂದು ಪೆಟ್ಟಿಗೆಗೆ ಮುಂದೆ ಮತ್ತು ಹಿಂದೆ 21.6 × 34.6 ಸೆಂಟಿಮೀಟರಿನ ಎರಡು, ಬದಿಗೆ 34.6 × 21ರ ಎರಡು, ಮೇಲೆ ಕೆಳಗೆ 18 × 21ರ ಎರಡು ತುಂಡು. ಕೈಗರಗಸದಲ್ಲಿ ಮನೆಯಲ್ಲಿ ಕತ್ತರಿಸುವ ಹಟ ಬೇಡ. ಪೀಠೋಪಕರಣ ಮಾಡುವ ಕಡೆ ಯಂತ್ರದಲ್ಲಿ ಕತ್ತರಿಸಿಕೊಡಲು ಬಡಗಿಯನ್ನು ಕೇಳಿ, ಅಂಚು ಲಂಬಕೋನದಲ್ಲಿದೆಯೇ ಎಂದು ಅಲ್ಲೇ ಪರೀಕ್ಷಿಸಿ. ಜೋಡಿಸಲು ನೀರು ತಡೆಯುವ ಅಂಟು, ಒಳಗಿನ ಎಲ್ಲ ಮೂಲೆಗಳಿಗೆ ಇನ್ನೊಂದು ಸುತ್ತು ಅಂಟು. ಪಾಲಿಶ್ ಅಥವಾ ಬಣ್ಣವನ್ನು ಹೊರಗೆ ಮಾತ್ರವಲ್ಲ, ಒಳಗೂ ಹಚ್ಚಿ. ಒಂದೇ ಕಡೆ ಹಚ್ಚಿದ ಹಲಗೆ ಬಾಗುತ್ತದೆ.

ವೂಫರ್ ಆರಿಸುವಾಗ ಪಾಲಿಪ್ರೊಪಿಲೀನ್ ಕೋನ್ (ಅದುರುವ ಬಟ್ಟಲು), ರಬ್ಬರ್ ಅಂಚು ಇರುವುದನ್ನು ನೋಡಿ. ಫೋಮ್ ಅಂಚು ಸೆಕೆ ಮತ್ತು ತೇವಕ್ಕೆ ಕೆಲವೇ ವರ್ಷಗಳಲ್ಲಿ ಪುಡಿಯಾಗುತ್ತದೆ. ಸ್ಕ್ರೂಗಳು ಸ್ಟೇನ್‌ಲೆಸ್ ಸ್ಟೀಲಿನವೇ ಇರಲಿ, ಉಪ್ಪುಗಾಳಿಗೆ ಸಾಮಾನ್ಯ ಸ್ಕ್ರೂ ತುಕ್ಕು ಹಿಡಿದು ಮುಂದೆ ಬಿಚ್ಚಲಾಗದಂತೆ ಕೂರುತ್ತದೆ.

ಒಳಗೆ ತುಂಬಲು ಪಾಲಿಯೆಸ್ಟರ್ ನಾರು ಬಳಸಿ, ಸಡಿಲವಾಗಿ. ಹಳೆಯ ದಿಂಬಿನ ಹತ್ತಿ ಬೇಡ. ಅದು ತೇವ ಹೀರಿ ಬೂಸ್ಟು ಹಿಡಿಯುತ್ತದೆ.

ಎಲ್ಲ ಕೂಡಿಸಿದ ಮೇಲೆ ವೂಫರಿನ ಕೋನನ್ನು ಎರಡೂ ಕೈಯ ಬೆರಳುಗಳಿಂದ ಸಮವಾಗಿ, ಮೆಲ್ಲಗೆ ಒಳಗೆ ಒತ್ತಿ ಬಿಡಿ. ಅದು ನಿಧಾನವಾಗಿ ಹಿಂದಕ್ಕೆ ಬಂದರೆ ಪೆಟ್ಟಿಗೆ ಭದ್ರ. ತಟ್ಟನೆ ಪುಟಿದರೆ ಎಲ್ಲೋ ಗಾಳಿ ಸೋರುತ್ತಿದೆ. ತಂತಿ ಹೊರಬರುವ ತೂತು, ಟರ್ಮಿನಲ್ ತಟ್ಟೆಯ ಸುತ್ತ ಮೊದಲು ನೋಡಿ. ಸೋರುವ ಪೆಟ್ಟಿಗೆಯನ್ನು ಅಳೆಯಲು ಹೋಗಬೇಡಿ.

ಹಂತ 3: ತಂತಿ ಜೋಡಣೆ, ಟ್ವೀಟರಿನ ರಕ್ಷಣೆ

ಟ್ವೀಟರ್‌ಗಳು ಸಾಯುವುದು ಹೆಚ್ಚಾಗಿ ಈ ಹಂತದಲ್ಲಿ. ಮಾಮೂಲಿ ಸ್ಪೀಕರಿನಲ್ಲಿ ಟ್ವೀಟರಿನ ಮುಂದೆ ಕೆಪಾಸಿಟರ್ ಇದ್ದೇ ಇರುತ್ತದೆ. ಇಲ್ಲಿ ಆಂಪ್ಲಿಫೈಯರಿನಿಂದ ನೇರ ತಂತಿ. ಡಿಎಸ್‌ಪಿಗೆ ಪ್ರೋಗ್ರಾಂ ಹಾಕುವ ಕ್ಷಣದಲ್ಲಿ, ವಿದ್ಯುತ್ ಹೋಗಿ ಬಂದ ಕ್ಷಣದಲ್ಲಿ, ಫಿಲ್ಟರ್ ಇನ್ನೂ ಜಾರಿಗೆ ಬರದ ಆ ಅರೆಗಳಿಗೆಯಲ್ಲಿ ಬರುವ ಒಂದು 'ಢಂ' ಸಾಕು. ಆದ್ದರಿಂದ ಪ್ರತಿ ಟ್ವೀಟರಿನ ಸರಣಿಯಲ್ಲಿ ಆ 33 ಮೈಕ್ರೊಫ್ಯಾರಡ್ ಕೆಪಾಸಿಟರ್ ಶಾಶ್ವತವಾಗಿ ಇರಲಿ. ಎಂಟು ಓಮ್ ಟ್ವೀಟರಿಗೆ ಅದು ಸುಮಾರು 600 ಹರ್ಟ್ಜಿನ ಕೆಳಗೆ ತಡೆಯುತ್ತದೆ. ನಮ್ಮ ಕ್ರಾಸ್‌ಓವರ್ 2200ರ ಸುತ್ತ ಬರುವುದರಿಂದ ದನಿಗೆ ಅಷ್ಟೇನೂ ತೊಡಕಿಲ್ಲ, ಇರುವ ಸ್ವಲ್ಪ ಪರಿಣಾಮವೂ ಅಳತೆಯೊಳಗೆ ಸೇರಿ ತಿದ್ದಿಹೋಗುತ್ತದೆ.

ಟ್ವೀಟರ್ ಜೋಡಿಸುವ ಮೊದಲು ಆಂಪ್ಲಿಫೈಯರಿನ ಪ್ರತಿ ಹೊರಹಾದಿಯ ಎರಡು ತುದಿಗಳ ನಡುವೆ ಮಲ್ಟಿಮೀಟರನ್ನು ಡಿಸಿ ವೋಲ್ಟಿನಲ್ಲಿಟ್ಟು ನೋಡಿ. 50 ಮಿಲಿವೋಲ್ಟ್ ಮೀರಿದರೆ ಆ ಬೋರ್ಡು ಬಳಸಬೇಡಿ.

ಟಿಪಿಎ 3116ರ ಹೊರಹಾದಿಯ ಋಣ ತುದಿ ಭೂಮಿಯಲ್ಲ, ಅದರಲ್ಲೂ ಸಂಕೇತ ಹರಿಯುತ್ತದೆ. ಎರಡು ಸ್ಪೀಕರಿನ ಋಣ ತಂತಿಗಳನ್ನು ಉಳಿತಾಯಕ್ಕೆಂದು ಒಂದೇ ತಂತಿಯಾಗಿ ಮಾಡಿದರೆ ಬೋರ್ಡು ಕೆಡುತ್ತದೆ. ನಾಲ್ಕು ಘಟಕಕ್ಕೆ ಎಂಟು ತಂತಿ, ಬೇರೆ ದಾರಿಯಿಲ್ಲ.

ವೂಫರಿನ ಧ್ರುವ ಗುರುತಿಸಲು ಒಂದೂವರೆ ವೋಲ್ಟಿನ ಸೆಲ್ಲನ್ನು ಒಂದು ಕ್ಷಣ ತಾಗಿಸಿ. ಕೋನ್ ಹೊರಗೆ ಬಂದರೆ ಸೆಲ್ಲಿನ ಧನ ತುದಿ ತಾಗಿದ್ದೇ ವೂಫರಿನ ಧನ ತುದಿ. ಟ್ವೀಟರಿಗೆ ಈ ಪರೀಕ್ಷೆ ಬೇಡ, ಅದರ ಓಮ್ ಮಾತ್ರ ಅಳೆಯಿರಿ.

ಹಚ್ಚುವಾಗ ಮೊದಲು ಡಿಎಸ್‌ಪಿ, ಕೆಲವು ಸೆಕೆಂಡ್ ಬಿಟ್ಟು ಆಂಪ್ಲಿಫೈಯರ್. ಆರಿಸುವಾಗ ಮೊದಲು ಆಂಪ್ಲಿಫೈಯರ್, ನಂತರ ಡಿಎಸ್‌ಪಿ. ಎರಡಕ್ಕೂ ಬೇರೆ ಬೇರೆ ಸ್ವಿಚ್ ಇಡಿ.

ಹಂತ 4: ಗೇನ್ ಹೊಂದಿಸಿ

ಟ್ವೀಟರಿನಿಂದ ಸದಾ 'ಸ್ಸ್' ಎಂಬ ಸದ್ದು ಬರುತ್ತದೆ ಎಂಬ ದೂರಿಗೆ ಕಾರಣ ಇಲ್ಲಿದೆ. ಎಡಿಎಯು 1701 ಕೊಡಬಲ್ಲ ಗರಿಷ್ಠ ಹೊರವೋಲ್ಟೇಜ್ 0.9 ವೋಲ್ಟ್. ಟಿಪಿಎ 3116ರಲ್ಲಿ 20, 26, 32, 36 ಡೆಸಿಬೆಲ್ ಎಂದು ನಾಲ್ಕು ಗೇನ್ ಇವೆ. 26 ಎಂದರೆ 20 ಪಟ್ಟು: 0.9 ವೋಲ್ಟ್ 18 ಆಗುತ್ತದೆ. 24 ವೋಲ್ಟಿನ ಸರಬರಾಜಿನಿಂದ ಸಿಗುವುದೇ ಸುಮಾರು 17. ಹಾಗಾಗಿ 26 ಸಾಕು. ಅದಕ್ಕಿಂತ ಮೇಲಿನದ್ದು ಸದ್ದನ್ನು ಹೆಚ್ಚಿಸುವುದಿಲ್ಲ, ಬರೀ ಆ 'ಸ್ಸ್' ಗದ್ದಲವನ್ನು ಹೆಚ್ಚಿಸುತ್ತದೆ. ಗೇನ್ ನಿರ್ಧರಿಸುವ ರೆಸಿಸ್ಟರನ್ನು ಬೋರ್ಡಿನಲ್ಲಿ ಹುಡುಕಿ ಬದಲಿಸಿ. ಟ್ವೀಟರಿನ ಬೋರ್ಡಿಗೆ 20 ಸಹ ನಡೆಯುತ್ತದೆ, ಅದು ಸಾಮಾನ್ಯವಾಗಿ ವೂಫರಿಗಿಂತ ಜೋರಾಗಿರುತ್ತದೆ.

ಅಳತೆ ಶುರುಮಾಡಿದ ಮೇಲೆ ಯಾವ ಗುಂಡಿಯನ್ನೂ ಮುಟ್ಟಬಾರದು. ಆಂಪ್ಲಿಫೈಯರಿನಲ್ಲಿ ವಾಲ್ಯೂಮ್ ಗುಂಡಿ ಇದ್ದರೆ ಪೂರ್ತಿ ಮೇಲಕ್ಕೆ ತಿರುಗಿಸಿ ಬಿಟ್ಟುಬಿಡಿ, ಸದ್ದನ್ನು ಡಿಎಸ್‌ಪಿಯ ಮೊದಲೇ ನಿಯಂತ್ರಿಸಿ.

ಹಂತ 5: ಅಂಗಳದಲ್ಲಿ ಅಳತೆ

ಇಡೀ ಕೆಲಸದ ತೂಕ ಈ ಹಂತದ ಮೇಲಿದೆ, ಅವಸರ ಮಾಡಬೇಡಿ.

ಸ್ಪೀಕರಿನ ನೇರ ದನಿ ಮೈಕಿಗೆ ತಲುಪಿದ ಸ್ವಲ್ಪ ಹೊತ್ತಿಗೆ ನೆಲ ಮತ್ತು ಗೋಡೆಯ ಪ್ರತಿಫಲನ ಬರುತ್ತದೆ. ಅದು ಬರುವ ಮೊದಲಿನ ಭಾಗವನ್ನಷ್ಟೇ ಕತ್ತರಿಸಿ ತೆಗೆದರೆ ಕೋಣೆಯಿಲ್ಲದ ಸ್ಪೀಕರ್ ಸಿಗುತ್ತದೆ. ಎಷ್ಟು ಮಿಲಿಸೆಕೆಂಡ್ ಸಿಕ್ಕಿತು ಎನ್ನುವುದರ ಮೇಲೆ ಎಷ್ಟು ಕೆಳಗಿನ ಕಂಪನಾಂಕದವರೆಗೆ ನಂಬಬಹುದು ಎಂಬುದು ನಿಂತಿದೆ.

ನಮ್ಮ 30 ಡಿಗ್ರಿ ಸೆಕೆಯಲ್ಲಿ ಶಬ್ದದ ವೇಗ ಸೆಕೆಂಡಿಗೆ ಸುಮಾರು 349 ಮೀಟರ್. ಸ್ಪೀಕರ್ ಮತ್ತು ಮೈಕ್ ಎರಡೂ ನೆಲದಿಂದ 1.2 ಮೀಟರ್ ಎತ್ತರದಲ್ಲಿದ್ದು, ನಡುವೆ ಒಂದು ಮೀಟರ್ ಅಂತರವಿದ್ದರೆ ನೆಲಕ್ಕೆ ಬಡಿದು ಬರುವ ದನಿ 2.6 ಮೀಟರ್ ನಡೆಯುತ್ತದೆ. ನೇರ ದನಿಗಿಂತ 1.6 ಮೀಟರ್ ಹೆಚ್ಚು, ಅಂದರೆ 4.6 ಮಿಲಿಸೆಕೆಂಡ್ ತಡ. ಸುಮಾರು 220 ಹರ್ಟ್ಜಿನ ಕೆಳಗೆ ಆ ಅಳತೆಯನ್ನು ನಂಬುವಂತಿಲ್ಲ. ಅದೇ ಅಂಗಳದಲ್ಲಿ ಮೇಜಿನ ಮೇಲೆ ಮೇಜು ಹೇರಿ 2.5 ಮೀಟರ್ ಎತ್ತರಕ್ಕೆ ಏರಿಸಿದರೆ 11.7 ಮಿಲಿಸೆಕೆಂಡ್ ಸಿಗುತ್ತದೆ, ಮಿತಿ 85 ಹರ್ಟ್ಜಿಗೆ ಇಳಿಯುತ್ತದೆ. ಅಡಕೆ ಒಣಗಿಸುವಷ್ಟು ದೊಡ್ಡ ಅಂಗಳವಿರುವವರಿಗೆ ಇದು ದೊಡ್ಡ ಅನುಕೂಲ. ಏರಿಸುವಾಗ ಭದ್ರವಾಗಿ ಕಟ್ಟಿ, ಇನ್ನೊಬ್ಬರು ಹಿಡಿದುಕೊಳ್ಳಲಿ. ಫ್ಲ್ಯಾಟಿನಲ್ಲಿರುವವರು ಅತಿ ದೊಡ್ಡ ಕೋಣೆಯ ನಟ್ಟನಡುವೆ, ನೆಲಕ್ಕೂ ಛಾವಣಿಗೂ ಸಮದೂರದಲ್ಲಿ ಇಟ್ಟು ಅಳೆಯಬಹುದು.

ಅಂಗಳದ ಅಳತೆಗೆ ಡಿಸೆಂಬರ್‌ನಿಂದ ಫೆಬ್ರುವರಿವರೆಗಿನ ಬೆಳಗ್ಗೆ ಒಳ್ಳೆಯದು. ಹೊತ್ತೇರಿದ ಮೇಲೆ ಕಡಲಗಾಳಿ ಬೀಸತೊಡಗಿ ಕೆಳಗಿನ ಕಂಪನಾಂಕಗಳನ್ನು ಕೆಡಿಸುತ್ತದೆ. ಮಳೆಗಾಲದ ರಾತ್ರಿ ನಿಶ್ಶಬ್ದವೆಂದು ತೋರಿದರೂ ಜೀರುಂಡೆಗಳ ಸದ್ದು ಸರಿಯಾಗಿ ಟ್ವೀಟರಿನ ಪಟ್ಟಿಯಲ್ಲೇ ಇರುತ್ತದೆ.

ಅಳೆಯುವ ರೀತಿ ಹೀಗೆ. ಲ್ಯಾಪ್‌ಟಾಪನ್ನು ಬ್ಯಾಟರಿಯಲ್ಲಿ ಓಡಿಸಿ, ಚಾರ್ಜರ್ ಹಚ್ಚಿದ್ದರೆ 50 ಮತ್ತು 100 ಹರ್ಟ್ಜಿನಲ್ಲಿ ಗುಂಯ್ ಎನ್ನುವ ಮೊನೆಗಳು ಕಾಣಬಹುದು. ಮೈಕನ್ನು ಟ್ವೀಟರಿನ ಎತ್ತರಕ್ಕೆ, ಅದರತ್ತ ಮುಖ ಮಾಡಿ ಇಡಿ. ಮೈಕಿನ ತಿದ್ದುಪಡಿ ಕಡತವನ್ನು ಹಾಕಿದ್ದೀರಾ ನೋಡಿ. ವೂಫರನ್ನು ಮಾತ್ರ ಓಡಿಸಿ ಒಂದು ಸ್ವೀಪ್ (ಕೆಳಗಿನ ಕಂಪನಾಂಕದಿಂದ ಮೇಲಕ್ಕೆ ಏರುವ ಅಳತೆಯ ದನಿ). ಮೈಕನ್ನು ಅಲುಗಿಸದೆ, ಟ್ವೀಟರನ್ನು ಮಾತ್ರ ಓಡಿಸಿ ಇನ್ನೊಂದು ಸ್ವೀಪ್, ಇದನ್ನು 500 ಹರ್ಟ್ಜಿನಿಂದ ಶುರುಮಾಡಿ, ಕಡಿಮೆ ಸದ್ದಿನಲ್ಲಿ. ಯುಎಸ್‌ಬಿ ಮೈಕಿಗೆ ಕಾಲದ ಆಧಾರ ಇರುವುದಿಲ್ಲ. ಅದಕ್ಕಾಗಿ ರೂಮ್ ಇಕ್ಯೂ ವಿಜಾರ್ಡಿನಲ್ಲಿ ಶಬ್ದದ ಕಾಲಾಧಾರ ಎಂಬ ಆಯ್ಕೆ ಇದೆ. ಇನ್ನೊಂದು ಸ್ಪೀಕರನ್ನು ಪಕ್ಕದಲ್ಲಿ ಕದಲದಂತೆ ಇಟ್ಟು ಅದನ್ನು ಆಧಾರವಾಗಿ ಕೊಡಿ. ಇದನ್ನು ಬಿಟ್ಟರೆ ವೂಫರ್ ಮತ್ತು ಟ್ವೀಟರಿನ ನಡುವಿನ ಸಮಯದ ಅಂತರ ತಿಳಿಯುವುದೇ ಇಲ್ಲ, ಮುಂದಿನ ಹಂತ ಬರೀ ಊಹೆಯಾಗುತ್ತದೆ.

ನಂತರ ಸ್ಪೀಕರನ್ನು ತಿರುಗಿಸುತ್ತಾ 15, 30, 45, 60 ಡಿಗ್ರಿಯಲ್ಲಿ ಎರಡನ್ನೂ ಅಳೆಯಿರಿ. ಕೋನಗಳನ್ನು ಸೀಮೆಸುಣ್ಣದಿಂದ ಮೇಜಿನ ಮೇಲೆ ಗುರುತು ಮಾಡಿಕೊಳ್ಳಿ. ಈ ಬದಿಯ ಅಳತೆಗಳನ್ನು ಬೇಸರವೆಂದು ಬಿಡುವವರೇ ಮುಂದೆ ಗೆರೆಯಲ್ಲಿನ ತಪ್ಪು ಕುಳಿಗಳನ್ನು (ತಗ್ಗುಗಳನ್ನು) ತುಂಬಲು ಹೋಗುವವರು.

ಕೊನೆಯದಾಗಿ ವೂಫರಿನ ಹತ್ತಿರದ ಅಳತೆ: ಕೋನಿನ ನಡುವಿಗೆ ತಾಗದಂತೆ ಅರ್ಧ ಸೆಂಟಿಮೀಟರ್ ದೂರದಲ್ಲಿ ಮೈಕ್. ಇಲ್ಲಿ ಕೋಣೆಯ ಪ್ರಭಾವ ನಗಣ್ಯ, ಬಾಸ್ ಮಾತ್ರ ನಿಜವಾಗಿ ಕಾಣುತ್ತದೆ. ಇದನ್ನು ದೂರದ ಅಳತೆಯ ಜೊತೆ 250 ಹರ್ಟ್ಜಿನ ಆಸುಪಾಸಿನಲ್ಲಿ ಬೆಸೆಯಬೇಕು. ಬೆಸೆಯುವ ಮೊದಲು ಹತ್ತಿರದ ಅಳತೆಗೆ ಮುಂಹಲಗೆಯ ಪರಿಣಾಮವನ್ನು ವಿಟುಯಿಕ್ಸ್‌ಕ್ಯಾಡಿನಲ್ಲಿ ಲೆಕ್ಕ ಹಾಕಿ ಸೇರಿಸಿ. ಮರೆತರೆ ಬಾಸ್ ಇರುವುದಕ್ಕಿಂತ ಹಲವು ಡೆಸಿಬೆಲ್ ಹೆಚ್ಚು ಕಾಣುತ್ತದೆ, ನೀವು ಅದನ್ನು ತಗ್ಗಿಸಿ ತೆಳು ದನಿ ಮಾಡಿಕೊಳ್ಳುತ್ತೀರಿ.

ಹಂತ 6: ಕ್ರಾಸ್‌ಓವರ್

ಕಂಪನಾಂಕ ಆರಿಸುವಾಗ ಎರಡು ಮಿತಿಗಳ ನಡುವೆ ನಡೆಯಬೇಕು. ಟ್ವೀಟರಿನ ಅನುರಣನಕ್ಕೆ ಕನಿಷ್ಠ ಎರಡು ಪಟ್ಟು ಮೇಲಿರಬೇಕು: ಅದು 900 ಹರ್ಟ್ಜ್ ಇದ್ದರೆ 1800. ಇನ್ನೊಂದು ಕಡೆ, 13 ಸೆಂಟಿಮೀಟರ್ ಕೋನ್ ಸುಮಾರು 2700 ಹರ್ಟ್ಜ್ ತಲುಪುವ ಹೊತ್ತಿಗೆ ದನಿಯನ್ನು ಟಾರ್ಚಿನ ಬೆಳಕಿನಂತೆ ಮುಂದಕ್ಕೆ ಮಾತ್ರ ಚೆಲ್ಲುತ್ತದೆ. 2200 ಹರ್ಟ್ಜ್ ನ್ಯಾಯವಾದ ಜಾಗ. ಅಲ್ಲಿ ತರಂಗಾಂತರ 16 ಸೆಂಟಿಮೀಟರ್. ವೂಫರ್ ಮತ್ತು ಟ್ವೀಟರಿನ ನಡುಬಿಂದುಗಳ ಅಂತರ ಅದಕ್ಕಿಂತ ಕಡಿಮೆ ಇರಬೇಕು, ಆದ್ದರಿಂದ ಮುಂಹಲಗೆ ಕೊರೆಯುವಾಗಲೇ ಎರಡನ್ನೂ ಆದಷ್ಟು ಒತ್ತಿಗೆ ಕೂರಿಸಿ.

ಫಿಲ್ಟರ್ ಯಾವುದು ಎಂದರೆ ಅಷ್ಟಮಕ್ಕೆ (ಆಕ್ಟೇವ್, ಅಂದರೆ ಕಂಪನಾಂಕ ಎರಡು ಪಟ್ಟಾಗುವ ಅಂತರ) 24 ಡೆಸಿಬೆಲ್ ಇಳಿಯುವ ಲಿಂಕ್‌ವಿಟ್ಜ್-ರೈಲಿ. ಎರಡೂ ಘಟಕಗಳು ಕ್ರಾಸ್‌ಓವರಿನಲ್ಲಿ 6 ಡೆಸಿಬೆಲ್ ತಗ್ಗಿ, ತರಂಗದ ಏರಿಳಿತಗಳು ಒಟ್ಟಿಗೆ ಸಾಗುವಂತೆ (ಒಂದೇ ಫೇಸಿನಲ್ಲಿ) ಕೂಡಿ, ಮೊತ್ತ ನೇರವಾಗುತ್ತದೆ.

ಸಿಗ್ಮಾ ಸ್ಟುಡಿಯೊದಲ್ಲಿ ಲಿಂಕ್‌ವಿಟ್ಜ್-ರೈಲಿ ಎಂದು ಬರೆದ ಫಿಲ್ಟರನ್ನು ಎರಡೂ ಕಡೆ ಹಾಕಿ ಮುಗಿಯಿತು ಎಂದು ಬಹಳ ಮಂದಿ ಭಾವಿಸುತ್ತಾರೆ. ಫಿಲ್ಟರಿನ ಇಳಿಜಾರು ವಿದ್ಯುತ್ತಿನದು. ಟ್ವೀಟರಿಗೆ ತನ್ನದೇ ಇಳಿಜಾರು ಇದೆ, ವೂಫರಿಗೆ ತನ್ನದೇ ಏರುಪೇರು ಇದೆ. ಎರಡೂ ಸೇರಿ ಕಿವಿಗೆ ತಲುಪುವ ಒಟ್ಟು ಇಳಿಜಾರು ಲಿಂಕ್‌ವಿಟ್ಜ್-ರೈಲಿ ಆಗಬೇಕು. ಆದ್ದರಿಂದ ಮೊದಲು ಪ್ರತಿ ಘಟಕವನ್ನೂ ಕ್ರಾಸ್‌ಓವರಿನ ಆಚೆ ಒಂದು ಅಷ್ಟಮದವರೆಗೆ ನೇರಗೊಳಿಸಿ, ನಂತರ ಫಿಲ್ಟರ್ ಹಾಕಿ, ಅಳೆದು, ಪರದೆಯಲ್ಲಿ ಗುರಿಗೆರೆಯ ಮೇಲೆ ಕೂತಿದೆಯೇ ನೋಡಿ. ವೂಫರಿನ ಕೋನ್ ಲೋಹದ್ದಾಗಿದ್ದರೆ 4 ಕಿಲೊಹರ್ಟ್ಜಿನ ಮೇಲೆಲ್ಲೋ ಒಂದು ಚೂಪು ಮೊನೆ ಇರುತ್ತದೆ. ಅದು ಕ್ರಾಸ್‌ಓವರಿನ ಆಚೆಗಿದ್ದರೂ ತಗ್ಗಿಸಿ.

ಟ್ವೀಟರ್ ಸಾಮಾನ್ಯವಾಗಿ ವೂಫರಿಗಿಂತ ಎರಡು ಮೂರು ಸೆಂಟಿಮೀಟರ್ ಮುಂದಿರುವಂತೆ ವರ್ತಿಸುತ್ತದೆ, ಅದನ್ನು ತಡ ಮಾಡಬೇಕು. ಡಿಎಸ್‌ಪಿ ಸೆಕೆಂಡಿಗೆ 48 ಸಾವಿರ ಬಾರಿ ಸಂಕೇತ ಓದುವಾಗ (48 ಕಿಲೊಹರ್ಟ್ಜ್) ಒಂದು ಓದು, ಅಂದರೆ ಒಂದು ಸ್ಯಾಂಪಲ್, ಮುಗಿಯುವ ಹೊತ್ತಿಗೆ ದನಿ ಸಾಗುವುದು ಸುಮಾರು 7 ಮಿಲಿಮೀಟರ್. 25 ಮಿಲಿಮೀಟರಿಗೆ 3 ಅಥವಾ 4 ಸ್ಯಾಂಪಲ್. ಎರಡನ್ನೂ ಪರೀಕ್ಷಿಸಿ.

ಪರೀಕ್ಷೆ ಸರಳ. ಡಿಎಸ್‌ಪಿಯಲ್ಲಿ ಟ್ವೀಟರಿನ ಧ್ರುವವನ್ನು ಉಲ್ಟಾ ಮಾಡಿ, ಎರಡನ್ನೂ ಒಟ್ಟಿಗೆ ಅಳೆಯಿರಿ. 2200 ಹರ್ಟ್ಜಿನಲ್ಲಿ 20 ಡೆಸಿಬೆಲ್‌ಗಿಂತ ಆಳದ, ಎರಡೂ ಬದಿ ಸಮನಾದ ಕುಳಿ ಬಿದ್ದರೆ ಜೋಡಣೆ ಸರಿ. ಕುಳಿ ಆಳವಿಲ್ಲದಿದ್ದರೆ ಅಥವಾ ಒಂದು ಬದಿಗೆ ವಾಲಿದ್ದರೆ ತಡವನ್ನು ಒಂದೊಂದೇ ಸ್ಯಾಂಪಲ್ ಬದಲಿಸಿ ಮತ್ತೆ ನೋಡಿ. ಮುಗಿದ ಮೇಲೆ ಧ್ರುವವನ್ನು ಮರಳಿ ಸರಿಮಾಡಿ.

ರೂಮ್ ಇಕ್ಯೂ ವಿಜಾರ್ಡ್ ಸೂಚಿಸಿದ ಕ್ಯೂ ಮೌಲ್ಯ (ಇಲ್ಲಿ ಫಿಲ್ಟರ್ ಎಷ್ಟು ಕಿರಿದು ಎಂಬ ಅಳತೆ) ಮತ್ತು ನಿಮ್ಮ ಡಿಎಸ್‌ಪಿ ತಿಳಿದುಕೊಳ್ಳುವ ಕ್ಯೂ ಒಂದೇ ಇರಬೇಕೆಂದಿಲ್ಲ. ತಂತ್ರಾಂಶದಲ್ಲಿ ಯಾವ ಈಕ್ವಲೈಜರ್ ಎಂದು ಆರಿಸುವ ಜಾಗವನ್ನು ಬಿಡಬೇಡಿ, ಫಿಲ್ಟರ್ ಹಾಕಿದ ಮೇಲೆ ಮತ್ತೊಮ್ಮೆ ಅಳೆದು ಲೆಕ್ಕಕ್ಕೂ ನಿಜಕ್ಕೂ ತಾಳೆ ನೋಡಿ.

ಹಂತ 7: ಸ್ಪೀಕರನ್ನು ಸಮಗೊಳಿಸಿ

ಈಗ ಒಟ್ಟು ಸ್ಪೀಕರಿನ ಗೆರೆ ನಿಮ್ಮ ಮುಂದಿದೆ. ಯಾವುದನ್ನು ತಿದ್ದಬೇಕು, ಯಾವುದನ್ನು ಬಿಡಬೇಕು ಎಂಬ ವಿವೇಕ ಇಲ್ಲಿ ಬೇಕು. ನಿಯಮ ಇದು: ಎಲ್ಲ ಕೋನಗಳಲ್ಲೂ ಕಾಣುವ ದೋಷ ಘಟಕದ್ದು, ಅದನ್ನು ತಿದ್ದಿ. ನೇರ ಮುಂದೆ ಕಂಡು 15 ಡಿಗ್ರಿಗೆ ತಿರುಗಿಸಿದ ಕೂಡಲೇ ಮಾಯವಾಗುವ ಕುಳಿ ಹಲಗೆಯ ಅಂಚಿನಿಂದ ಬಂದದ್ದು, ಅದನ್ನು ಬಿಡಿ. ಅಂಥ ಕುಳಿಯನ್ನು ಮುಂದೆ ತುಂಬಿದರೆ ಉಳಿದ ಎಲ್ಲ ದಿಕ್ಕಿನಲ್ಲೂ ಅಲ್ಲೊಂದು ಗುಡ್ಡ ಏಳುತ್ತದೆ. ದನಿ ಚುಚ್ಚುತ್ತದೆ ಎಂಬ ದೂರಿನ ಮೂಲ ಹೆಚ್ಚಾಗಿ ಇದೇ.

21.6 ಸೆಂಟಿಮೀಟರ್ ಅಗಲದ ಮುಂಹಲಗೆಯಿಂದ ಸುಮಾರು 530 ಹರ್ಟ್ಜಿನ ಸುತ್ತ ದನಿ ಮೆಟ್ಟಿಲಿಳಿಯುತ್ತದೆ. ಅದರ ಕೆಳಗೆ ದನಿ ಹಿಂದಕ್ಕೂ ಸುತ್ತಿ ಹೋಗುವುದರಿಂದ ಮುಂದೆ ಗರಿಷ್ಠ 6 ಡೆಸಿಬೆಲ್ ನಷ್ಟ. ಕೆಳಗಿನದನ್ನು ಏರಿಸುವ ಬದಲು ಮೇಲಿನದನ್ನು ತಗ್ಗಿಸಿ. ಗೋಡೆಗೆ ಹತ್ತಿರ ಇಡುವವರಿಗೆ 3 ಡೆಸಿಬೆಲ್ ಸಾಕಾಗುತ್ತದೆ, ಗೋಡೆ ಉಳಿದದ್ದನ್ನು ತುಂಬುತ್ತದೆ.

ಬಾಸ್ ವಿಷಯದಲ್ಲಿ ಆಸೆ ಹಿಡಿತದಲ್ಲಿರಲಿ. ಲಿಂಕ್‌ವಿಟ್ಜ್ ರೂಪಾಂತರ ಎಂಬ ಫಿಲ್ಟರಿನಿಂದ ನಮ್ಮ ಪೆಟ್ಟಿಗೆಯ 84 ಹರ್ಟ್ಜನ್ನು 60ಕ್ಕೆ ಇಳಿಸಬಹುದು. ಅದಕ್ಕೆ ತಳದಲ್ಲಿ ಸುಮಾರು 6 ಡೆಸಿಬೆಲ್ ಏರಿಕೆ, ಅಂದರೆ ನಾಲ್ಕು ಪಟ್ಟು ಶಕ್ತಿ. 50ಕ್ಕೆ ಇಳಿಸಿದರೆ 9 ಡೆಸಿಬೆಲ್, ಎಂಟು ಪಟ್ಟು. ಅಷ್ಟೇ ಅಲ್ಲ, ಅಷ್ಟೇ ಸದ್ದನ್ನು ಒಂದು ಅಷ್ಟಮ ಕೆಳಗೆ ಕೊಡಲು ಕೋನ್ ನಾಲ್ಕು ಪಟ್ಟು ದೂರ ಚಲಿಸಬೇಕು. 60ರಲ್ಲಿ ನಿಲ್ಲಿ, 35 ಹರ್ಟ್ಜಿನ ಕೆಳಗೆ ತಡೆಯುವ ಫಿಲ್ಟರ್ ತಪ್ಪದೆ ಹಾಕಿ. ಎಷ್ಟು ಏರಿಸಿದ್ದೀರೋ ಅಷ್ಟನ್ನು ಒಳಹಾದಿಯಲ್ಲಿ ತಗ್ಗಿಸಿ, ಇಲ್ಲವಾದರೆ ಡಿಎಸ್‌ಪಿಯ ಹೊರಹಾದಿಯಲ್ಲಿ ತರಂಗದ ತುದಿ ಕತ್ತರಿಸಿ ಹೋಗುತ್ತದೆ.

ವೂಫರಿನಿಂದ 'ಟಕ್' ಎಂಬ ಗಟ್ಟಿ ಸದ್ದು ಬಂದರೆ ಸುರುಳಿ ತಳಕ್ಕೆ ಬಡಿಯುತ್ತಿದೆ, ಆ ಕ್ಷಣವೇ ನಿಲ್ಲಿಸಿ. ಜೋರು ಸದ್ದಿನಲ್ಲಿ ಟ್ವೀಟರ್ ಮರಳು ಉಜ್ಜಿದಂತೆ ಕೇಳಿದರೆ ಆಂಪ್ಲಿಫೈಯರ್ ಮಿತಿ ಮೀರಿದೆ. ಸುಟ್ಟ ವಾರ್ನಿಷಿನ ವಾಸನೆ ಬಂದರೆ ಮತ್ತೆ ಪರೀಕ್ಷೆ ಮಾಡಲು ಏನೂ ಉಳಿದಿಲ್ಲ.

ಎಡಿಎಯು 1701 ಬೋರ್ಡಿನವರು ಕೆಲಸ ಮುಗಿದ ಕೂಡಲೇ ಪ್ರೋಗ್ರಾಂ ಅನ್ನು ಬೋರ್ಡಿನ ಈಪ್ರಾಮ್ ನೆನಪಿಗೆ ಬರೆಯಬೇಕು. ಬರೀ ಡೌನ್‌ಲೋಡ್ ಒತ್ತಿದರೆ ಕರೆಂಟ್ ಹೋದೊಡನೆ ಎಲ್ಲವೂ ಅಳಿಯುತ್ತದೆ. ಮೊದಲ ಬಾರಿ ಮರುಚಾಲನೆ ಮಾಡುವಾಗ ಟ್ವೀಟರಿನ ತಂತಿ ಬಿಚ್ಚಿಟ್ಟು, ಫಿಲ್ಟರ್ ಉಳಿದಿದೆಯೇ ಎಂದು ಖಚಿತಪಡಿಸಿಕೊಂಡ ಮೇಲೆ ಜೋಡಿಸಿ.

ಹಂತ 8: ಕೋಣೆ

ಸ್ಪೀಕರ್ ಈಗ ಒಳಗೆ ಬರಲಿ. ಮುರಕಲ್ಲಿನ ಗೋಡೆಗೆ ಗಾರೆ, ನೆಲಕ್ಕೆ ಟೈಲ್ಸ್, ಮೇಲೆ ಕಾಂಕ್ರೀಟು ಇರುವ ನಮ್ಮ ಕೋಣೆಗಳಲ್ಲಿ ದನಿ ಬಹಳ ಹೊತ್ತು ಉಳಿಯುತ್ತದೆ. ಹಂಚಿನ ಮನೆಯವರಿಗೆ ಬಾಸ್ ಬಹುಪಾಲು ಮಾಡಿನ ಮೂಲಕ ಹೊರಹೋಗುವುದರಿಂದ ಗುಡುಗು ಕಡಿಮೆ. ಕಾಂಕ್ರೀಟು ಕೋಣೆಗೆ ಚಾಪೆಯಲ್ಲ, ದಪ್ಪ ಜಮಖಾನ, ತುಂಬಿದ ಪುಸ್ತಕದ ಕಪಾಟು, ಭಾರದ ಪರದೆ ಬೇಕು. ಈ ಪ್ರತಿಧ್ವನಿಯನ್ನು ಯಾವ ಫಿಲ್ಟರೂ ಕಡಿಮೆ ಮಾಡದು.

ಹಿಂದಿನ ಗೋಡೆಯಿಂದ 60 ಸೆಂಟಿಮೀಟರ್ ದೂರವಿದ್ದರೆ 145 ಹರ್ಟ್ಜಿನ ಸುತ್ತ ಕುಳಿ ಬೀಳುತ್ತದೆ: ಗೋಡೆಗೆ ಹೋಗಿ ಬಂದ ದನಿ ನೇರ ದನಿಯನ್ನು ಅಳಿಸುತ್ತದೆ. ಅಲ್ಲಿ ಎಷ್ಟು ಶಕ್ತಿ ಸುರಿದರೂ ಅಷ್ಟೂ ಅಳಿಯುತ್ತದೆ. ಸ್ಪೀಕರನ್ನು ಸರಿಸಿ, ಕುಳಿತುಕೊಳ್ಳುವ ಜಾಗ ಸರಿಸಿ, ಮತ್ತೆ ಅಳೆಯಿರಿ. ಈ ಸರಿಸಾಟಕ್ಕೆ ಒಂದು ಇಡೀ ಸಂಜೆ ಕೊಡಿ.

ಜಾಗ ನಿಂತ ಮೇಲೆ ಗುಲಾಬಿ ಗದ್ದಲ (ಪಿಂಕ್ ನಾಯ್ಸ್ ಎಂಬ, ಎಲ್ಲ ಕಂಪನಾಂಕಗಳೂ ಇರುವ ಅಳತೆಯ ಸದ್ದು) ಹಾಕಿ, ತಲೆ ಇರುವ ಜಾಗದ ಸುತ್ತ ಮೈಕನ್ನು ನಿಧಾನವಾಗಿ ಒಂದು ನಿಮಿಷ ಆಡಿಸಿ ಸರಾಸರಿ ತೆಗೆಯಿರಿ. 250 ಹರ್ಟ್ಜಿನ ಕೆಳಗೆ ಮೇಲೆದ್ದ ಮೊನೆಗಳನ್ನು ಮಾತ್ರ ತಗ್ಗಿಸಿ. 4.2 ಮೀಟರ್ ಉದ್ದದ ಕೋಣೆಯಲ್ಲಿ ಮೊದಲ ಮೊನೆ 42 ಹರ್ಟ್ಜಿನ ಬಳಿ ಸಿಗುತ್ತದೆ. ಕುಳಿಗಳನ್ನು ಮುಟ್ಟಬೇಡಿ. 250ರ ಮೇಲೆ ಕೋಣೆಯ ಅಳತೆ ನೋಡಿ ಏನನ್ನೂ ತಿದ್ದಬೇಡಿ, ಆ ಕೆಲಸ ಅಂಗಳದಲ್ಲೇ ಆಗಿದೆ. ಕುರ್ಚಿಯಲ್ಲಿ ಅಳೆದ ಗೆರೆ ಬಾಸಿನಿಂದ ಮೇಲಕ್ಕೆ ಮೆಲ್ಲನೆ ಇಳಿಯುವುದು ಸಹಜ. ಅದನ್ನು ನೇರ ಮಾಡಿದರೆ ದನಿ ಹರಿತವಾಗುತ್ತದೆ.

ಹಂತ 9: ಕೇಳಿ ನೋಡಿ

ಮೊದಲು ಒಂದೇ ಸ್ಪೀಕರಿನಲ್ಲಿ ಆಕಾಶವಾಣಿಯ ವಾರ್ತೆ. ಓದುವವರ ದನಿ ಪೆಟ್ಟಿಗೆಯೊಳಗಿನಿಂದ ಬಂದಂತಿದ್ದರೆ 200ರಿಂದ 500 ಹರ್ಟ್ಜಿನ ನಡುವೆ ಹೆಚ್ಚಿದೆ, 'ಸ' 'ಶ' ಅಕ್ಷರಗಳು ಸಿಡಿದರೆ 6ರಿಂದ 8 ಕಿಲೊಹರ್ಟ್ಜಿನಲ್ಲಿ. ತಿದ್ದುಪಡಿ ಒಂದು ಬಾರಿಗೆ ಒಂದು ಡೆಸಿಬೆಲ್ ಮಾತ್ರ, ಒಂದು ದಿನ ಕೇಳಿದ ಮೇಲೆ ಮುಂದಿನದು.

ನಂತರ ಯಕ್ಷಗಾನದ ಧ್ವನಿಮುದ್ರಣ. ನಮ್ಮ ಕಿವಿಗೆ ಚಿರಪರಿಚಿತವಾದ ಇದಕ್ಕಿಂತ ಕಠಿಣ ಪರೀಕ್ಷೆ ಸಿಗಲಾರದು. ಚಂಡೆಯ ಏಟು ಕ್ರಾಸ್‌ಓವರಿನ ಎರಡೂ ಬದಿಯನ್ನು ಏಕಕಾಲಕ್ಕೆ ಮುಟ್ಟುತ್ತದೆ: ಸಮಯ ಹೊಂದದಿದ್ದರೆ ಕೋಲಿನ ತುದಿಯ ಸದ್ದು ಒಂದು ಕಡೆ, ಚರ್ಮದ ಸದ್ದು ಇನ್ನೊಂದು ಕಡೆ ಎನಿಸುತ್ತದೆ. ಮದ್ದಳೆಯ ನಾದ ಚಂಡೆಯ ಅಡಿಯಲ್ಲಿ ಮುಳುಗದೆ ಬೇರೆಯಾಗಿ ಕೇಳಬೇಕು. ಭಾಗವತರು ಏರುಸ್ಥಾಯಿಗೆ ಹೋದಾಗ ದನಿ ಸ್ಪೀಕರಿನೊಳಗೆ ಜಾಗ ಬದಲಿಸಿದಂತೆ ಕೇಳಿದರೆ ಹಂತ 6ಕ್ಕೆ ಹಿಂತಿರುಗಿ, ಕುಳಿಯ ಪರೀಕ್ಷೆಯನ್ನು ಮತ್ತೆ ಮಾಡಿ.

ಹಂತ 10: ಮಳೆಗಾಲಕ್ಕೆ ಮೊದಲು ಮತ್ತು ನಂತರ

ಎಪ್ರಿಲ್, ಮೇ ತಿಂಗಳ ಸಂಜೆಯ ಸಿಡಿಲಿನಲ್ಲಿ ಪ್ಲಗ್ ಕಿತ್ತಿಡಿ, ಸ್ವಿಚ್ ಆರಿಸಿದರೆ ಸಾಲದು. ಮಳೆಗಾಲದಲ್ಲಿ ವಾರಕ್ಕೆ ಕೆಲವು ಬಾರಿ ಆಂಪ್ಲಿಫೈಯರನ್ನು ಹಚ್ಚಿಡುವುದು ಒಳ್ಳೆಯದು, ಅದರ ಬಿಸಿಯೇ ತೇವವನ್ನು ದೂರ ಇಡುತ್ತದೆ. ಟರ್ಮಿನಲ್ಲುಗಳನ್ನು ಸೆಪ್ಟೆಂಬರ್ ಕಳೆದ ಮೇಲೆ ಬಿಚ್ಚಿ ಒರೆಸಿ ಮತ್ತೆ ಬಿಗಿಯಿರಿ.

ಮೊದಲ ಅಳತೆಯ ಕಡತಗಳನ್ನು ಅಳಿಸಬೇಡಿ. ನವರಾತ್ರಿಯ ಹೊತ್ತಿಗೆ ಎರಡೂ ವೂಫರುಗಳ ಹತ್ತಿರದ ಅಳತೆಯನ್ನು ಇನ್ನೊಮ್ಮೆ ತೆಗೆದು ಹಳೆಯದರ ಮೇಲಿಟ್ಟು ನೋಡಿ. ಒಂದು ಪೆಟ್ಟಿಗೆಯ ಬಾಸ್ ಗೆರೆ ಮಾತ್ರ ಇನ್ನೊಂದರಿಂದ ಬೇರೆಯಾಗಿದ್ದರೆ ಅದು ಸೋರುತ್ತಿದೆ. ಡಿಎಸ್‌ಪಿ ಮುಟ್ಟುವ ಮೊದಲು ಕೋನ್ ಒತ್ತಿ ಪರೀಕ್ಷಿಸಿ, ಸಂದಿಗೆ ಅಂಟು ತುಂಬಿ, ಒಣಗಿದ ಮೇಲೆ ಮತ್ತೆ ಅಳೆಯಿರಿ.